ಕೈ ಹೋಗದ ಹೂಜಿ

ಬೆಳಗಿನ ಕ್ಲಾಸು ಮುಗಿಸಿ ಮೇಡಂ ತಮ್ಮ ಕೋಣೆಗೆ ಬಂದಾಗ ಆ ಮನುಷ್ಯ ಬಾಗಿಲ ಹೊರಗೆ ಕಾಯುತ್ತಿದ್ದ. ಒಳಗೆ ಕರೆದು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಕಟ್ಟಿ ನಿಂತ. ಮೇಡಂಗೆ ಅಲ್ಲಿಂದಲೇ ಅನುಮಾನ ಶುರುವಾಯಿತು.

"ಒಂದೇ ಒಂದು ಚೂರು ಸಾಕು ಮೇಡಂ, ಅಕ್ಕಿಕಾಳಿನಷ್ಟು. ಹೂಜಿಗೆ ಏನೂ ಆಗಲ್ಲ. ಅದೂ ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ."

"ಹೌದಾ?" ಅಂದರು ಮೇಡಂ.

'ಹೌದಾ' ಎಂಬ ಮಾತನ್ನು ಯಾರು ಆಡುವುದಿಲ್ಲ? ಆಶ್ಚರ್ಯಕ್ಕೆ ಆಡುತ್ತಾರೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತೋರಿಸಲು ಆಡುತ್ತಾರೆ, ಫೋನಿನಲ್ಲಿ ಮಾತು ಮುಗಿಯದ ಅತ್ತಿಗೆಗೆ ಆಡುತ್ತಾರೆ. ಮೇಡಂ ಬಾಯಲ್ಲಿ ಅದು ಬೇರೆಯೇ ಸಾಮಾನು. ಕೊನೆಯ 'ದಾ' ಸ್ವಲ್ಪ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು, ಟ್ರಂಕಿನ ಮುಚ್ಚಳ ಎತ್ತಿ ಹಿಡಿದು "ಇದರಲ್ಲಿ ಏನಿದೆ?" ಎಂದು ನೋಡುವ ಸುಂಕದವನ ಹಾಗೆ. ಅಮ್ಮನಿಗೆ ಹುಷಾರಿರಲಿಲ್ಲ ಎಂದು ತಡವಾಗಿ ಬಂದ ವಿದ್ಯಾರ್ಥಿಗೆ ಮೇಡಂ ಒಂದು 'ಹೌದಾ?' ಅಂದರೆ ಸಾಕು, ಸಿನಿಮಾಕ್ಕೆ ಹೋಗಿದ್ದೆ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ. ಹೀಗಾಗಿ ಕಾಲೇಜಿನ ಗೇಟಿನಿಂದ ಹಿಡಿದು ಮ್ಯೂಸಿಯಂನ ಉಗ್ರಾಣದವರೆಗೂ ಅವರ ಹೆಸರು ಹೌದಾ ಮೇಡಂ. ಎದುರಿಗೆ ಕರೆಯುವ ಎದೆ ಯಾರಿಗೂ ಇರಲಿಲ್ಲ ಅಷ್ಟೆ.

ಬಂದವನು ಬೇರೊಂದು ವಿಶ್ವವಿದ್ಯಾಲಯದ ಸಂಶೋಧಕ. ಮಾತು ಮಾತಿಗೆ ಬಗ್ಗುವವನು. ಮೇಡಂ ಮನಸ್ಸಿನಲ್ಲೇ ಅವನಿಗೆ ನಯವಂತ ಎಂದು ಹೆಸರಿಟ್ಟರು. ಹೊಗಳಿಕೆಗಲ್ಲ. ಸಂಶೋಧನೆಯ ಬೀದಿಯಲ್ಲಿ ಯಾರು ತೀರಾ ಬಗ್ಗುತ್ತಾನೋ ಅವನು ಕಾಲೆಳೆಯಲಿಕ್ಕೇ ಬಗ್ಗಿರುತ್ತಾನೆ ಎಂಬುದು ಅವರ ಲೆಕ್ಕ.

ಅವನು ಕೇಳಿದ್ದು ಸಣ್ಣ ವಸ್ತು. ಆದರೆ ಅದರ ಮೇಲೆ ಮೇಡಂ ಅವರ ಇಡೀ ಬದುಕು ನಿಂತಿತ್ತು. ಮ್ಯೂಸಿಯಂನ ಉಗ್ರಾಣದಲ್ಲಿ ಮಣ್ಣಿನ ಒಂದು ಹಳೆಯ ಹೂಜಿ ಇದೆ. ಹೊಟ್ಟೆ ದೊಡ್ಡದು, ಕತ್ತು ಸಣ್ಣದು. ಅದರ ತಳದಲ್ಲಿ ಕಪ್ಪಗೆ ಮೆತ್ತಿಕೊಂಡ ರಾಳ. ಮರದಿಂದ ಇಳಿದು ಗಟ್ಟಿಯಾದ ಅಂಟು ಅದು, ಕಾಯಿಸಿದರೆ ಕರಗುತ್ತದೆ. ಸಮುದ್ರದ ದಂಡೆಯ ಪುರಾತನ ಬೌದ್ಧ ವಿಹಾರವೊಂದರ ಅಗೆತದಲ್ಲಿ ಆ ಹೂಜಿ ಸಿಕ್ಕಿತ್ತು. ಅದೇ ರಾಳದಿಂದ ಮೇಡಂ ಒಂದು ಪುಸ್ತಕ ಬರೆದರು, ಆ ಪುಸ್ತಕದಿಂದ ಹೆಸರು ಬಂತು, ಹೆಸರಿನಿಂದ ಈ ಕೋಣೆ, ಈ ಕುರ್ಚಿ, ಮ್ಯೂಸಿಯಂನ ಉಸ್ತುವಾರಿ ಎಲ್ಲ ಬಂತು. ನಯವಂತನಿಗೆ ಬೇಕಾದದ್ದು ಆ ರಾಳದ ವಯಸ್ಸು. ಹಿಂದೆ ಅಂಥ ಪರೀಕ್ಷೆಗೆ ಮುಷ್ಟಿ ತುಂಬ ಬೇಕಾಗುತ್ತಿತ್ತು, ಹಾಗಾಗಿ ಯಾರೂ ಮಾಡಿಸಿರಲಿಲ್ಲ. ಹೂಜಿಯ ಕಾಲವೇ ರಾಳದ ಕಾಲ ಎಂದು ಎಲ್ಲರೂ ಒಪ್ಪಿಕೊಂಡು ಸುಮ್ಮನಾಗಿದ್ದರು. ಈಗ ಒಂದು ಕಾಳು ಸಾಕು. ರಾಳ ಹೂಜಿಯಷ್ಟೇ ಹಳೆಯದಾದರೆ ಮೇಡಂ ಮಾತು ಕಲ್ಲಿನಲ್ಲಿ ಕೊರೆದ ಹಾಗೆ. ಅಲ್ಲದಿದ್ದರೆ ಅವರು ಇಷ್ಟು ವರ್ಷ ಪಾಠ ಹೇಳಿದ್ದೆಲ್ಲ ಗಾಳಿಗೆ. ನಿವೃತ್ತಿಗೆ ಕೆಲವೇ ತಿಂಗಳಿದ್ದವು.

"ಯೋಚನೆ ಮಾಡಿ ಹೇಳ್ತೀನಿ," ಅಂದರು.

"ಎಷ್ಟು ದಿನ ಬೇಕಾದ್ರೂ ಕಾಯ್ತೀನಿ ಮೇಡಂ."

ಕಾಯುತ್ತಾನಂತೆ! ಅವನು ಹಿಂದೆ ಹಿಂದೆ ಹೆಜ್ಜೆ ಇಟ್ಟುಕೊಂಡು ಹೊರಗೆ ಹೋದ ಮೇಲೂ ಮೇಡಂ ಬಾಗಿಲನ್ನೇ ನೋಡುತ್ತಿದ್ದರು.

ಅನುಮಾನ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಬಂದರಿನ ಗೋದಾಮಿನಲ್ಲಿ ಚೀಲ ತಪಾಸಣೆ ಮಾಡುತ್ತಿದ್ದರು. ಕೈಯಲ್ಲಿ ತುದಿ ಚೂಪಾದ ಕಬ್ಬಿಣದ ಕೊಳವೆ. ಚೀಲದ ಮೇಲೆ ಏನು ಬರೆದಿದೆ ಎಂದು ಓದುತ್ತಲೇ ಇರಲಿಲ್ಲ, ಸೀದಾ ಹೊಟ್ಟೆಗೆ ಚುಚ್ಚಿ ಹೊರಗೆಳೆಯುತ್ತಿದ್ದರು. ಒಳ್ಳೆಯ ಕಾಳಿನ ಚೀಲದಿಂದ ಕಲ್ಲು ಬರುತ್ತಿತ್ತು, ಮೆಣಸಿನ ಚೀಲದಿಂದ ಒಣಗಿದ ಪಪ್ಪಾಯಿ ಬೀಜ ಬರುತ್ತಿತ್ತು. ರಜೆಯಲ್ಲಿ ಮಗಳನ್ನು ಮೂಟೆಗಳ ಮೇಲೆ ಕೂರಿಸಿಕೊಂಡು, "ನೋಡು ಪುಟ್ಟಿ, ಹೊಲಿಗೆ ಚೆಂದ ಇದ್ದಷ್ಟೂ ಚುಚ್ಚಿ ನೋಡಬೇಕು," ಅನ್ನುತ್ತಿದ್ದರು. ಪುಟ್ಟಿ ಎಲ್ಲವನ್ನೂ ಚುಚ್ಚಿ ನೋಡುವುದನ್ನು ಕಲಿತಳು. ಶಾಲೆಯಲ್ಲಿ ಚರಿತ್ರೆಯ ಪಾಠ ಮಾಡುತ್ತ ಮೇಷ್ಟ್ರು, ರಾಜ ಪ್ರಜೆಗಳನ್ನು ಮಕ್ಕಳಂತೆ ನೋಡಿಕೊಂಡ ಅಂದರೆ, "ಯಾರು ಹೇಳಿದ್ರು ಸಾರ್, ರಾಜನೋ ಮಕ್ಕಳೋ?" ಎಂದು ಕೇಳಿ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಪಡೆದಳು.

ಓದಿ ದೊಡ್ಡವಳಾಗಿ ಅಗೆತಕ್ಕೆ ಹೋದದ್ದು ಒಬ್ಬ ಹೆಸರಾಂತ ಪ್ರೊಫೆಸರರ ಕೈಕೆಳಗೆ. ಎಲ್ಲರೂ ಅವರನ್ನು ದೊಡ್ಡ ಮೇಷ್ಟ್ರು ಅನ್ನುತ್ತಿದ್ದರು. ಹಳೆಯ ಕಾಲದಲ್ಲಿ ಧರ್ಮವೇ ಮುಂದೆ ನಡೆಯಿತು, ವ್ಯಾಪಾರ ಅದರ ಹಿಂದೆ ಬಾಲದ ಹಾಗೆ ಹೋಯಿತು ಎಂಬುದು ಅವರ ಸಿದ್ಧಾಂತ. ಆಮೇಲೆ ಮ್ಯೂಸಿಯಂನಲ್ಲಿ ಹೂಜಿಯ ತಳದಿಂದ ಕಡ್ಡಿಯ ತುದಿಗೆ ಕಪ್ಪು ರಾಳ ಅಂಟಿಕೊಂಡು ಬಂದಾಗ ಅವರಿಗೆ ಖುಷಿಯೋ ಖುಷಿ.

"ಧೂಪ ಕಣಮ್ಮ, ಧೂಪ! ಸಮುದ್ರದಾಚೆಯಿಂದ ಭಿಕ್ಷುಗಳು ತಂದದ್ದು. ಪೂಜೆಯ ಜಾಗದಲ್ಲಿ ಇನ್ನೇನು ಸಿಗುತ್ತೆ?"

"ಹೌದಾ?" ಅಂದಳು ಶಿಷ್ಯೆ. "ಇದು ಪೂಜೆ ಕೋಣೇಲಿ ಸಿಕ್ಕಿಲ್ಲ ಸಾರ್. ಹಿಂದಿನ ಉಗ್ರಾಣದಲ್ಲಿ. ಅದರ ಬಾಗಿಲು ಸಮುದ್ರದ ಕಡೆಗಿದೆ."

"ಅದಕ್ಕೇನೀಗ?"

"ಧೂಪದ ಹೊಗೆ ತಗೊಳ್ಳೋಕೆ ಮೀನು ಬರ್ತಿತ್ತಾ ಸಾರ್?"

ದೊಡ್ಡ ಮೇಷ್ಟ್ರು ಆಮೇಲೆ ಒಂದು ವಾರ ಅವಳ ಜೊತೆ ಮಾತಾಡಲಿಲ್ಲ. ಅವಳ ಅನುಮಾನ ಬೇರೆ ದಾರಿ ಹಿಡಿದಿತ್ತು. ರಾಳದಿಂದ ಧೂಪ ಆಗುತ್ತದೆ, ಸರಿ. ದೋಣಿಯ ಹಲಗೆಗಳ ಸಂದಿಗೆ ನೀರು ನುಗ್ಗದ ಹಾಗೆ ಮೆತ್ತುವುದೂ ಅದನ್ನೇ ಅಲ್ಲವೇ? ಪ್ರಯೋಗಾಲಯದಿಂದ ವರದಿ ಬಂತು: ಇದು ಈ ನೆಲದಲ್ಲಿ ಬೆಳೆಯದ ಮರದ ರಾಳ, ಜೊತೆಗೆ ಒಂದಿಷ್ಟು ಜೇನುಮೇಣ ಬೆರೆತಿದೆ. ಮೇಣ ಎಂಬ ಮಾತು ಓದಿ ಅವಳು ಕುರ್ಚಿಯಿಂದ ಎದ್ದೇ ನಿಂತಳು. ಧೂಪಕ್ಕೆ ಮೇಣ ಯಾರು ಹಾಕುತ್ತಾರೆ? ಒಣಗಿದ ಮೇಲೆ ಬಿರುಕು ಬಿಡಬಾರದು ಎಂದು ಮೆತ್ತುವವನು ಹಾಕುತ್ತಾನೆ! ಅಂದರೆ ವಿಹಾರದವರು ಹಡಗಿನವರಿಗೆ ರಾಳ ಕಾಯಿಸಿ ಕೊಡುತ್ತಿದ್ದರು, ದೋಣಿ ದುರಸ್ತಿ ಮಾಡಿಸುತ್ತಿದ್ದರು, ಆಮೇಲೆ ಅದೇ ದೋಣಿ ಹತ್ತಿ ಧರ್ಮವೂ ಹೊರಟಿತು. ಮಂತ್ರಕ್ಕಿಂತ ಮೊದಲು ಮೆತ್ತುವ ಕೆಲಸ. ಇದೇ ಅವಳ ಪುಸ್ತಕ. ದೂರದೂರದ ದೇಶಗಳಲ್ಲಿ ಓದಿದರು. ದೊಡ್ಡ ಮೇಷ್ಟ್ರು ತುಂಬಿದ ಸಭೆಯಲ್ಲಿ ಎದ್ದು, "ಮೇಣಕ್ಕೆ ನನ್ನ ಹತ್ತಿರ ಉತ್ತರ ಇಲ್ಲ," ಎಂದು ಕೂತುಬಿಟ್ಟರು. ಅವರು ಸೋತದ್ದು ಅದೊಂದೇ ಸಲ.

ಪುಸ್ತಕಕ್ಕೆ ಮೊದಲು ಅವಳು ಒಬ್ಬನನ್ನು ಪ್ರಶ್ನೆ ಮಾಡಬೇಕಿತ್ತು. ಹೂಜಿ ಇಡಿಯಾಗಿ ಸಿಕ್ಕಿರಲಿಲ್ಲ, ಚೂರುಚೂರಾಗಿ ಸಿಕ್ಕಿತ್ತು. ಅದನ್ನು ಕೂಡಿಸಿದವನು ಮ್ಯೂಸಿಯಂನ ದುರಸ್ತಿ ಕೋಣೆಯ ನೌಕರ. ಅಂಟಣ್ಣ ಎಂದು ಅವನ ಅಡ್ಡಹೆಸರು. ಸ್ಕೂಲು ಅರ್ಧಕ್ಕೆ ಬಿಟ್ಟವನು, ಕೋಪ ಮೂಗಿನ ತುದಿಯಲ್ಲಿ. ಮರಳು ತುಂಬಿದ ತಟ್ಟೆಯಲ್ಲಿ ಚೂರುಗಳನ್ನು ನಿಲ್ಲಿಸಿ, ಅಂಚಿಗೆ ಅಂಚು ಕೂಡಿಸುವಾಗ ಮಾತ್ರ ಅವನು ಮಗುವಿನ ಹಾಗೆ ಇರುತ್ತಿದ್ದ.

"ಒಳಗೆ ಕಪ್ಪಗೆ ಮೆತ್ತಿಕೊಂಡಿದೆಯಲ್ಲ, ಜೋಡಿಸೋವಾಗ ಇತ್ತಾ?" ಎಂದು ಕೇಳಿದಳು.

"ನಾನು ಅಂಚು ನೋಡೋನು ಕಣ್ರೀ. ಹೊಟ್ಟೆಯೊಳಗೆ ಏನಿದೆ ಅಂತ ನೋಡೋದು ಓದಿದವರ ಕೆಲಸ."

"ನೀವೇನಾದ್ರೂ ಒಳಗೆ ಹಚ್ಚಿದ್ರಾ?"

ಅವನು ತಲೆ ಎತ್ತಿದ. ಕೈಯಲ್ಲಿದ್ದ ಚೂರನ್ನು ಮರಳಿನಲ್ಲಿ ನಿಲ್ಲಿಸಿದ. ಅವಳನ್ನು ನೇರ ನೋಡಿ, "ಒಳಗೆ ನಾನು ಕೈ ಹಾಕಿಲ್ಲ," ಅಂದ.

'ಹೌದಾ?' ಎಂಬುದು ಅವಳ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಯಾಕೆ ಹೋಯಿತೋ ಕೇಳಬೇಡಿ. ಆ ವರ್ಷವೇ ಇಬ್ಬರೂ ಮದುವೆಯಾದರು. ಪ್ರೊಫೆಸರಮ್ಮನಿಗೆ ಅಂಟು ಹಚ್ಚುವ ಗಂಡ ಎಂದು ಎರಡೂ ಮನೆಯವರು ಬಾಯಿಗೆ ಬಂದ ಹಾಗೆ ಆಡಿಕೊಂಡರು, ಆಡಿಕೊಂಡು ಸುಸ್ತಾಗಿ ಬಿಟ್ಟರು. ಜಗತ್ತಿನಲ್ಲಿ ಮೇಡಂ ಚುಚ್ಚಿ ನೋಡದೆ ನಂಬಿದ್ದು ಅವನೊಬ್ಬನ ಮಾತನ್ನು. ಹಾಲಿನವನಿಗೆ ದುಡ್ಡು ಕೊಟ್ಟೆ ಅಂದರೆ ಕೊಟ್ಟ, ಕರೆಂಟಿನವನು ಬಂದಿದ್ದ ಅಂದರೆ ಬಂದಿದ್ದ. ಅತ್ತೆಗೆ ಕೂಡ ಇದು ಸೋಜಿಗ. "ನನ್ನ ಮಗನಿಗೆ ಅದೇನು ಮುಲಾಜು ತೋರಿಸ್ತೀಯೇ, ನನಗಂತೂ ಔಷಧಿ ಕುಡಿದ್ರಾ ಅಂತ ಬಾಟಲಿ ಎತ್ತಿ ನೋಡ್ತೀಯ!" ಎಂದು ರೇಗಿಸುತ್ತಿದ್ದರು.

ಈಗ ಅಂಟಣ್ಣ ನಿವೃತ್ತನಾಗಿ ಮನೆಯಲ್ಲಿದ್ದ. ಅಕ್ಕಪಕ್ಕದವರ ಹಿಡಿ ಮುರಿದ ಕಪ್ಪು, ಕುತ್ತಿಗೆ ಹೋದ ಬೊಂಬೆ ಎಲ್ಲ ಅವನ ಮೇಜಿಗೆ ಬರುತ್ತಿದ್ದವು. ಆ ಸಂಜೆ ಮೇಡಂ ಚಪ್ಪಲಿ ಬಿಡುತ್ತ, "ಇವತ್ತೊಬ್ಬ ಬಂದಿದ್ದ ಕಣ್ರೀ. ಹೂಜಿಯ ರಾಳದಲ್ಲಿ ಚೂರು ಕೊಡಿ ಅಂತಾನೆ," ಅಂದರು.

"ಕೊಡಬೇಡ," ಅಂದ ಅಂಟಣ್ಣ.

ಮೇಡಂ ಒಂದು ಚಪ್ಪಲಿ ಬಿಟ್ಟವರು ಇನ್ನೊಂದನ್ನು ಬಿಡಲಿಲ್ಲ. ಗಂಡ ಅವರ ಕೆಲಸದ ವಿಷಯದಲ್ಲಿ ಇವತ್ತಿನವರೆಗೆ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಬಾಯಿ ಹಾಕಿದವನೇ ಅಲ್ಲ. ಪುಸ್ತಕ ಬಂದಾಗ ಕೂಡ ತೂಕ ನೋಡಿ, "ಭಾರ ಇದೆ," ಅಂದಿದ್ದ ಅಷ್ಟೆ.

"ಯಾಕೆ ಬೇಡ?"

"ಯಾಕೆ ಅಂದ್ರೆ? ಕಂಡಕಂಡವರಿಗೆಲ್ಲ ಕೆರೆದು ಕೊಡ್ತಾ ಹೋದ್ರೆ ಹೂಜಿ ಉಳಿಯುತ್ತಾ? ಟೀ ಇಡ್ಲಾ?"

"ಅವನಿಗೆ ಏನಕ್ಕೆ ಬೇಕು ಅಂತ ನೀವು ಕೇಳಲೇ ಇಲ್ಲವಲ್ಲ."

"ಏನಕ್ಕಾದ್ರೂ ಇರಲಿ." ಅವನು ಆಗಲೇ ಅಡುಗೆಮನೆಯಲ್ಲಿದ್ದ. ಪಾತ್ರೆಯ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ಮೇಡಂ ಟೀ ಕುಡಿದರು. ಒಳ್ಳೆಯ ಟೀ. ಆದರೆ ಆ ವಾರವೆಲ್ಲ ಅವರ ತಲೆಯಲ್ಲಿ ಎರಡು ಅನುಮಾನ ಎರಡು ಬೆಕ್ಕಿನ ಹಾಗೆ ಗುರಗುಟ್ಟಿದವು. ಒಂದು ನಯವಂತನ ಮೇಲೆ: ಯಾರು ಕಳಿಸಿದರು ಇವನನ್ನು? ದೊಡ್ಡ ಮೇಷ್ಟ್ರು ತೀರಿಕೊಂಡು ಬಹಳ ಕಾಲವಾಯಿತು, ಅವರ ಶಿಷ್ಯರು ಇನ್ನೂ ಇದ್ದಾರೆ. ನಿವೃತ್ತಿಯ ಹೊತ್ತಿಗೇ ಸರಿಯಾಗಿ ಬಂದು ಅಕ್ಕಿಕಾಳಿನಷ್ಟು ಕೇಳುವುದೆಂದರೇನು? ಇನ್ನೊಂದು ಅನುಮಾನಕ್ಕೆ ಅವರು ಮುಖ ಕೊಡಲಿಲ್ಲ. ಕೊಟ್ಟರೆ ಅದು ಮನೆಯ ಕಡೆಗೆ ನಡೆಯುತ್ತಿತ್ತು.

ವಿಭಾಗದ ಜನ ಕೂಡ ಸುಮ್ಮನಿರಲಿಲ್ಲ. "ಕೊಡಬೇಡಿ ಮೇಡಂ, ನೀವು ಹೋದ ಮೇಲೆ ಬೇಕಾದ್ರೆ ನೋಡಿಕೊಳ್ಳಲಿ," ಎಂದು ಒಬ್ಬ ಕಿವಿ ಕಚ್ಚಿದ. ಮೇಡಂ ಅವನನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ತಾನು ಹೋದ ಮೇಲೆ ಈ ಕುರ್ಚಿಗೆ ಬರುವವನು ಅವನೇ.

ಕೊನೆಗೆ ಒಂದು ಮಧ್ಯಾಹ್ನ ಊಟದ ಡಬ್ಬಿಯನ್ನೂ ಬಿಚ್ಚದೆ ಉಗ್ರಾಣಕ್ಕೆ ಇಳಿದರು. ಬೀಗ ಕಾಯುವ ಹೆಂಗಸು ಸ್ಟೂಲಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು.

"ಇತ್ತೀಚೆಗೆ ಯಾರಾದ್ರೂ ಹೂಜಿ ನೋಡೋಕೆ ಬಂದಿದ್ರಾ?"

"ಯಾರೂ ಇಲ್ಲ ಮೇಡಂ."

"ಹೌದಾ?"

"ನಮ್ಮ ಅಂಟಣ್ಣ ಬಂದಿದ್ರು ಮೇಡಂ, ಹೋದ ವಾರ," ಅವಳು ಗಡಬಡಿಸಿ ಎದ್ದು ನಿಂತಳು. "ಅವರು ಮನೆಯವರಲ್ವಾ, ಯಾರೋ ಅನ್ನೋ ಲೆಕ್ಕಕ್ಕೆ ಬರ್ತಾರಾ? ಸುಮ್ಮನೆ ಹೂಜಿ ಮುಂದೆ ನಿಂತಿದ್ದು ಹೋದ್ರು. ಮುಟ್ಟಲಿಲ್ಲ, ನನ್ನಾಣೆ."

ಮೇಡಂ ಹೂಜಿಯನ್ನು ಮೇಜಿಗೆ ತರಿಸಿ ಬಾಗಿಲು ಹಾಕಿಸಿದರು. ಇಷ್ಟು ವರ್ಷ ಆ ಹೂಜಿಯ ಬಗ್ಗೆ ಬರೆದವರು, ಅದರ ಒಳಗನ್ನು ಕಣ್ಣಿನಿಂದ ಸರಿಯಾಗಿ ನೋಡಿರಲಿಲ್ಲ. ಕತ್ತು ಸಣ್ಣದು, ಒಳಗೆ ಕತ್ತಲೆ. ಉದ್ದದ ಕಡ್ಡಿಯಲ್ಲಿ ಕೆರೆದು ತೆಗೆದದ್ದನ್ನು ಪ್ರಯೋಗಾಲಯಕ್ಕೆ ಕೊಟ್ಟದ್ದಷ್ಟೇ. ಇವತ್ತು ಕೈಯಲ್ಲಿ ಹಲ್ಲಿನ ಡಾಕ್ಟರು ಬಾಯಿಗೆ ಇಳಿಬಿಡುವಂಥ ಪುಟ್ಟ ಕನ್ನಡಿ ಇತ್ತು, ಕಡ್ಡಿಗೆ ಕಟ್ಟಿದ ದೀಪ ಇತ್ತು. ಎರಡನ್ನೂ ಇಳಿಸಿ ಕತ್ತು ಓರೆ ಮಾಡಿ ನೋಡಿದರು.

ತಳದಲ್ಲಿ ರಾಳ ಹೊಳೆಯುತ್ತಿತ್ತು. ಕನ್ನಡಿಯನ್ನು ಪಕ್ಕಕ್ಕೆ ತಿರುಗಿಸಿದರು. ಒಳಗೋಡೆಯ ಮೇಲೆ ಅಲ್ಲಲ್ಲಿ ಕಪ್ಪು ಗೆರೆ. ಪ್ರತಿ ಗೆರೆಯೂ ಎರಡು ಚೂರು ಕೂಡಿದ ಸಂದಿಯಿಂದ ಹುಟ್ಟಿ, ಕೆಳಗೆ ಹರಿದು, ತಳಕ್ಕೆ ಸೇರಿತ್ತು. ತಳದಲ್ಲೂ ಒಂದು ಕೂಡಿಕೆ ಇತ್ತು. ರಾಳ ಆ ಕೂಡಿಕೆಯ ಮೇಲೆ ಒಂದು ಬಿರುಕೂ ಇಲ್ಲದೆ ಈಚೆಯಿಂದ ಆಚೆಗೆ ಹರಡಿಕೊಂಡಿತ್ತು.

ಮೇಡಂ ಕನ್ನಡಿ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿ ಮತ್ತೆ ಇಳಿಸಿದರು. ಮತ್ತೆ ಅದೇ.

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಹೂಜಿ ಒಡೆಯುವ ಮೊದಲೇ ರಾಳ ಒಳಗಿದ್ದಿದ್ದರೆ, ಹೂಜಿಯ ಜೊತೆ ರಾಳವೂ ಒಡೆದಿರಬೇಕಿತ್ತು. ಚೂರಿಗೆ ಚೂರು ಕೂಡಿಸಿದಾಗ ಅದರಲ್ಲೂ ಬಿರುಕಿನ ಗೆರೆ ಕಾಣಬೇಕಿತ್ತು. ಒಡೆದ ಗಡಿಯ ಮೇಲೆ ರಾಳ ಇಡಿಯಾಗಿ ಹರಿದಿದೆ ಅಂದರೆ, ಹೂಜಿ ಕೂಡಿದ ಮೇಲೆ ಅದು ಒಳಗೆ ಬಂದದ್ದು. ಅಂದರೆ ಭಿಕ್ಷುಗಳದ್ದಲ್ಲ, ಹಡಗಿನವರದ್ದಲ್ಲ. ಕೂಡಿಸಿದವನದ್ದು.

ಮೇಡಂ ಆಮೇಲೆ ಮ್ಯೂಸಿಯಂನಲ್ಲಿ ನಿಲ್ಲಲಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ನಡೆದರು. ಅಂಟಣ್ಣ ಮೇಜಿನ ಮುಂದೆ ಯಾರದೋ ಟೀ ಕಪ್ಪಿಗೆ ಹಿಡಿ ಕೂಡಿಸಿ, ಬೆರಳಲ್ಲಿ ಒತ್ತಿ ಹಿಡಿದು ಕೂತಿದ್ದ. ಬಿಡುವ ಹಾಗಿಲ್ಲ, ಬಿಟ್ಟರೆ ಜಾರುತ್ತದೆ.

"ಹೂಜಿಗೆ ಏನು ಅಂಟು ಹಚ್ಚಿದ್ರಿ?"

ಅವನು ಬೆರಳು ತೆಗೆಯಲಿಲ್ಲ. "ಯಾವಾಗಿನ ಮಾತು ಅದು?"

"ನಿಮಗೆ ಗೊತ್ತಿರೋ ಮಾತು. ಹೋದ ವಾರ ಹೋಗಿ ಅದರ ಮುಂದೆ ನಿಂತು ಬಂದಿದ್ದೀರಿ."

"ಬೀಗದವಳಿಗೆ ಬಾಯಿಗೊಂದು ಬೀಗ ಇಲ್ಲ," ಎಂದು ಗೊಣಗಿದ.

"ನನ್ನ ಪ್ರಶ್ನೆಗೆ ಉತ್ತರ ಕೊಡಿ."

"ರಾಳ," ಅಂದ ಅಂಟಣ್ಣ. "ರಾಳ ಕಾಯಿಸಿ ಹಚ್ಚಿದೆ. ಇನ್ನೇನು ಮಾಡ್ಲಿ? ಅಂಟಿನ ಟ್ಯೂಬು ಬೇಕು ಅಂತ ಅರ್ಜಿ ಕೊಟ್ಟು ಕೊಟ್ಟು ಕೈ ಸೋತಿತ್ತು. ಒಬ್ಬನ ಮೇಜಿಂದ ಇನ್ನೊಬ್ಬನ ಮೇಜಿಗೆ ಹೋಗೋಕೆ ಅದಕ್ಕೆ ಕಾಲಿಲ್ಲ, ಅವರಿಗೆ ಕೈ ಇಲ್ಲ. ಕುರ್ಚಿ ಬಿಸಿ ಮಾಡೋಕೇ ಹುಟ್ಟಿದ ನನ್ಮಕ್ಕಳು! ದೊಡ್ಡ ಮೇಷ್ಟ್ರು ನೋಡಿದ್ರೆ ಬೆಳಗಾದ್ರೆ ಹೂಜಿ ಎಲ್ಲಿ, ಹೂಜಿ ಎಲ್ಲಿ. ಬಜಾರಿಂದ ರಾಳ ತಂದು ಕಾಯಿಸಿದೆ."

"ಮೇಣ?"

"ಬರೀ ರಾಳ ಹಾಕಿದ್ರೆ ಒಣಗಿ ಬಿರುಕು ಬಿಡುತ್ತೆ. ಅದಕ್ಕೆ ಸ್ವಲ್ಪ ಮೇಣ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. ತುಂಬಿದ ಸಭೆಯಲ್ಲಿ ದೊಡ್ಡ ಮೇಷ್ಟ್ರ ಬಾಯಿ ಮುಚ್ಚಿಸಿದ ಮೇಣ! ಒಣಗಿದ ಮೇಲೆ ಬಿರುಕು ಬಿಡಬಾರದು ಎಂದು ಮೆತ್ತುವವನು ಹಾಕುತ್ತಾನೆ ಎಂದು ತಾವೇ ಬರೆದಿದ್ದರು. ಅಕ್ಷರ ಅಕ್ಷರ ಸರಿಯಾಗಿತ್ತು. ಮೆತ್ತಿದವನು ಮಾತ್ರ ಬೇರೆ. ಸಮುದ್ರದಾಚೆಯ ಮರ ಎಂದು ನಕ್ಷೆಯಲ್ಲಿ ಅವರು ಎಳೆದಿದ್ದ ಹಡಗಿನ ದಾರಿ ಬಜಾರಿನ ಅಂಗಡಿಗೆ ಸಾಮಾನು ಬರುವ ದಾರಿಯಾಗಿತ್ತು.

"ಒಳಗೆ ಕೈ ಹಾಕಿಲ್ಲ ಅಂದ್ರಿ."

"ಹಾಕಿಲ್ಲ! ಆ ಕತ್ತಿನೊಳಗೆ ಯಾರ ಕೈ ಹೋಗುತ್ತೆ? ಹೊರಗಿನಿಂದ ಸಂದಿಗೆ ಬಿಟ್ಟೆ. ಅದು ಒಳಗಿಳಿದದ್ದು ನನಗೇನು ಕನಸು ಬಿದ್ದಿತ್ತಾ? ನಾನು ಸುಳ್ಳು ಹೇಳಿಲ್ಲ."

"ಆವತ್ತು ಹೇಳಿಲ್ಲ. ಗೊತ್ತಾದದ್ದು ಯಾವಾಗ?"

ಅಂಟಣ್ಣ ಕಪ್ಪಿನ ಹಿಡಿಯನ್ನೇ ನೋಡುತ್ತಿದ್ದ. "ಅದೇ ಸಮಯದಲ್ಲಿ ಕೂಡಿಸಿದ ಇನ್ನೊಂದು ಗಡಿಗೆ ಒಂದು ಬೇಸಿಗೇಲಿ ಸಡಿಲ ಬಿಟ್ಟು ವಾಪಸು ಬಂತು. ಬಿಚ್ಚಿ ನೋಡಿದ್ರೆ ಒಳಗೆಲ್ಲ ರಾಳ ಇಳಿದು ತಳದಲ್ಲಿ ನಿಂತಿತ್ತು. ಆಗ ಹೊಳೀತು. ಅಷ್ಟರಲ್ಲಿ ನಿನ್ನ ಪುಸ್ತಕ ಬಂದಾಗಿತ್ತು. ಹಾರ ಹಾಕಿದ್ರು, ಫೋಟೋ ಬಂತು."

"ಅದಕ್ಕೆ ಬಾಯಿ ಮುಚ್ಚಿಕೊಂಡು ಇದ್ದುಬಿಟ್ರಿ? ಇಷ್ಟು ವರ್ಷ? ನಾನು ಊರೂರು ತಿರುಗಿ ನಿಮ್ಮ ಅಂಟಿನ ಮೇಲೆ ಭಾಷಣ ಮಾಡ್ತಾ ಇದ್ರೆ, ಮನೇಲಿ ಕೂತು ಒಳಗೊಳಗೇ ನಗ್ತಾ ಇದ್ರಾ?"

"ಏಯ್!" ಅವನ ಧ್ವನಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. "ನಗೋದಾ? ನೀನು ಭಾಷಣಕ್ಕೆ ಹೋದ ದಿನ ನನಗೆ ಊಟ ಇಳಿದಿಲ್ಲ ಕಣೇ! ಪುಸ್ತಕಕ್ಕೆ ಹೆದರಿದೆ ಅಂದ್ಕೊಂಡ್ಯಾ? ಪುಸ್ತಕ ಹಾಳಾಗಿ ಹೋಗ್ಲಿ. ನೀನು ನಿಮ್ಮಪ್ಪನ್ನ ನಂಬಲಿಲ್ಲ, ಮೇಷ್ಟ್ರನ್ನ ನಂಬಲಿಲ್ಲ, ನಮ್ಮಮ್ಮನ ಔಷಧಿ ಬಾಟಲೀನೂ ನಂಬಲಿಲ್ಲ. ನನ್ನೊಬ್ಬನ್ನ ಕೇಳದೆ ನಂಬಿದೆ. ಆ ಒಂದು ಜಾಗ ಬಿಟ್ಟುಕೊಡೋಕೆ ನನಗೆ ಆಗಲಿಲ್ಲ. ತಪ್ಪೇ. ಏನೀಗ, ನೇಣು ಹಾಕಿಸ್ತೀಯಾ?"

ಹೇಳಿ ಮುಗಿಸುವಷ್ಟರಲ್ಲಿ ಅವನ ಬೆರಳು ಜಾರಿ ಹಿಡಿ ಓರೆಯಾಗಿತ್ತು. ಇಬ್ಬರೂ ಅದನ್ನು ನೋಡಿದರು.

ಮೇಡಂ ಎದ್ದು ಹೋಗಿ ಮುಖ ತೊಳೆದುಕೊಂಡರು. ಸಿಟ್ಟು ಯಾವುದರ ಮೇಲೆ ಎಂದು ಅವರಿಗೇ ಬಗೆಹರಿಯಲಿಲ್ಲ. ಪುಸ್ತಕ ಬಿದ್ದದ್ದಕ್ಕೆ ಅಳು ಬರಬೇಕಿತ್ತು, ಬರಲಿಲ್ಲ. ಹಾಲಿನವನು, ಕರೆಂಟಿನವನು, ಅವನು ಹೋದೆ ಅಂದ ಮದುವೆ, ಬಂದೆ ಅಂದ ಬಸ್ಸು, ಎಲ್ಲ ಒಂದೊಂದಾಗಿ ಎದ್ದು ಬಂದು ಸಾಲಾಗಿ ನಿಂತವು. ಅವನ್ನೆಲ್ಲ ಈಗ ಚುಚ್ಚಿ ನೋಡಬೇಕೇ?

ಮರುದಿನ ನಯವಂತನನ್ನು ಕರೆಸಿದರು. ಏನನ್ನೂ ಹೇಳದೆ ಕನ್ನಡಿ ಕೊಟ್ಟು, "ನೋಡಿ," ಅಂದರು. ಅವನು ಹೂಜಿಗೆ ನಮಸ್ಕಾರ ಮಾಡುವವನ ಹಾಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಮೇಡಂ ಅವನ ಬೆನ್ನನ್ನು ನೋಡುತ್ತಿದ್ದರು. ಈಗ ಇವನ ಮುಖದಲ್ಲಿ ಗೆದ್ದ ಕಳೆ ಬರುತ್ತದೆ, ಬರಲಿ, ಅದನ್ನೂ ನೋಡಿಬಿಡೋಣ ಎಂದು.

ಅವನು ತಲೆ ಎತ್ತಿದಾಗ ಮುಖ ಬಿಳಿಚಿಕೊಂಡಿತ್ತು. ಆವತ್ತು ಮೊದಲ ಸಲ ಕೇಳದೆಯೇ ಕುರ್ಚಿಯಲ್ಲಿ ಕೂತ.

"ಮೇಡಂ, ಇದನ್ನ ಇನ್ಯಾರು ನೋಡಿದ್ದಾರೆ?"

"ಯಾಕೆ?"

"ನನ್ನ ಪ್ರಬಂಧ ಪೂರ್ತಿ ನಿಮ್ಮ ಪುಸ್ತಕದ ಮೇಲೆ ನಿಂತಿದೆ. ಇನ್ನೂ ನಾಲ್ಕು ವಿಹಾರಗಳಲ್ಲಿ ದೋಣಿ ಕೆಲಸ ನಡೀತಿತ್ತು ಅಂತ ಬರೆದಿದ್ದೀನಿ. ರಾಳದ ವಯಸ್ಸು ಸಿಕ್ಕಿದ್ರೆ ಕೊನೆಯ ಅಧ್ಯಾಯ ಗಟ್ಟಿಯಾಗುತ್ತೆ ಅಂತ..." ಅವನು ಕನ್ನಡಿಯನ್ನು ಮೇಡಂ ಕಡೆಗೆ ತಳ್ಳಿದ. "ಬೇಡ ಮೇಡಂ. ನನಗೆ ಚೂರು ಬೇಡ. ನಾನು ಏನೂ ನೋಡಿಲ್ಲ. ನೀವೂ ಹೇಳಬೇಡಿ."

ಮೇಡಂ ಬೆಚ್ಚಿದರು. ಕಾಲೆಳೆಯಲು ಬಗ್ಗಿದ್ದಾನೆ ಎಂದುಕೊಂಡವನು ನಿಜವಾಗಿಯೂ ಗೌರವದಿಂದಲೇ ಬಗ್ಗಿದ್ದ. ಮರುಕ್ಷಣವೇ ಇನ್ನೊಂದು ಅನುಮಾನ ಹೆಡೆ ಎತ್ತಿತು. ಮುಚ್ಚಿಡೋಣ ಎಂದು ತಮ್ಮ ಬಾಯಿಂದ ಹೊರಡಿಸಿ, ನಾಳೆ ಸಭೆಯಲ್ಲಿ ಅದನ್ನೇ ಎತ್ತಿ ಆಡುವ ಉಪಾಯವೇ? ಅವನ ಮುಖವನ್ನು ನೋಡಿದರು, ಕೈಯನ್ನು ನೋಡಿದರು. ಬೆರಳುಗಳು ಅಂಗಿಯ ಗುಂಡಿಯನ್ನು ತಿರುವುತ್ತಿದ್ದವು. ಗಾಬರಿಯನ್ನೂ ನಟಿಸುವವರಿದ್ದಾರೆ. ಸಾಕಾಯಿತು ಅವರಿಗೆ. ಇವನು ಒಳ್ಳೆಯವನೋ ಕೆಟ್ಟವನೋ, ಕೂಡಿಕೆಯ ಮೇಲಿನ ರಾಳಕ್ಕಂತೂ ಬಿರುಕಿಲ್ಲ.

"ನೋಡಪ್ಪಾ," ಅಂದರು. "ಮನೇಲಿ ಒಬ್ಬರು ನೋಡಿಯೂ ನೋಡದ ಹಾಗೆ ಇದ್ದುಬಿಟ್ಟಿದ್ರು. ಅದು ಎಷ್ಟು ವರ್ಷ ಊಟ ಕೆಡಿಸುತ್ತೆ ಅಂತ ನಿನ್ನೆಯಷ್ಟೇ ಕೇಳಿದ್ದೀನಿ. ನಿಮಗಿನ್ನೂ ಚಿಕ್ಕ ವಯಸ್ಸು. ಚೂರು ತಗೊಂಡು ಹೋಗಿ, ಪರೀಕ್ಷೆ ಮಾಡಿಸಿ. ಆ ನಾಲ್ಕು ವಿಹಾರಗಳನ್ನ ನನ್ನ ಹೂಜಿ ಇಲ್ಲದೆ ನಿಲ್ಲಿಸೋಕೆ ಆಗುತ್ತಾ ನೋಡಿ. ನಿಂತ್ರೆ ಅದು ನಿಮ್ಮದು."

"ನಿಲ್ಲದಿದ್ರೆ ಮೇಡಂ?"

"ನಿಲ್ಲದಿದ್ರೆ ನನ್ನ ಹಾಗೆ ಬೀಳಿ. ಬಿದ್ದವರು ಮಾತಾಡಿಕೊಳ್ಳೋಣ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಚೂರು ತೆಗೆದುಕೊಂಡು, ಬಗ್ಗದೆ, ಸೀದಾ ನಡೆದು ಹೋದ.

ಪರೀಕ್ಷೆಯಿಂದ ಬರುವುದು ಏನೆಂದು ಗೊತ್ತಿದ್ದರೂ ಮೇಡಂ ಅದು ಬರುವವರೆಗೆ ಕಾದರು. ಕಣ್ಣಿಂದ ಕಂಡದ್ದನ್ನೂ ಒಮ್ಮೆ ಅನುಮಾನಿಸಬೇಕಲ್ಲ. ಬಂತು. ರಾಳ ಇತ್ತೀಚಿನದು. ಆಮೇಲೆ ವಿದ್ವಾಂಸರ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆಯಲು ಕೂತರು. ಹೂಜಿಯ ರಾಳವನ್ನು ಆಧರಿಸಿ ತಾನು ಹೇಳಿದ್ದೆಲ್ಲವನ್ನೂ ಹಿಂದಕ್ಕೆ ಪಡೆಯುತ್ತೇನೆ, ಅದು ಮ್ಯೂಸಿಯಂನಲ್ಲಿ ಹೂಜಿಯನ್ನು ಕೂಡಿಸುವಾಗ ಬಳಸಿದ ಅಂಟು ಎಂದು ಬರೆದು ನಿಲ್ಲಿಸಿದರು.

ಅಂಟಣ್ಣ ಹಿಂದೆ ಬಂದು ಹೆಗಲ ಮೇಲಿಂದ ಇಣುಕಿದ. ಆ ಜಗಳದ ಮೇಲೆ ಮಾತು ಬಿಟ್ಟಿದ್ದ ಇಬ್ಬರೂ ಈ ವಾರವಷ್ಟೇ ಅಗತ್ಯಕ್ಕೆ ತಕ್ಕಷ್ಟು ಮಾತಾಡತೊಡಗಿದ್ದರು.

"ಕೂಡಿಸಿದವರು ಯಾರು ಅಂತ ಬರಿಯಲ್ವಾ?"

"ಮ್ಯೂಸಿಯಂನ ಸಿಬ್ಬಂದಿ ಅಂತ ಬರೀತೀನಿ. ನಿಮ್ಮ ಮಾನ ಯಾಕೆ ತೆಗೀಲಿ?"

"ನಾನು ಕೂಡಿಸಿದ ಗಡಿಗೆಗಳ ಮೇಲೆ ನೀವೆಲ್ಲ ಕಪಾಟು ತುಂಬ ಬರೆದಿದ್ದೀರಿ. ಒಂದರಲ್ಲಾದ್ರೂ ನನ್ನ ಹೆಸರಿದೆಯಾ? ಕೆಟ್ಟದ್ದಕ್ಕಾದ್ರೂ ಬರಲಿ ಬರಿ. ಇನಿಷಿಯಲ್ ಬಿಡಬೇಡ, ಅದೇ ಹೆಸರಿನವನು ಲೆಕ್ಕಪತ್ರ ವಿಭಾಗದಲ್ಲೂ ಒಬ್ಬ ಇದ್ದ, ಪಾಪ, ಅವನ ಮೇಲೆ ಬಂದೀತು."

ಮೇಡಂ ಇನಿಷಿಯಲ್ ಸಮೇತ ಬರೆದರು.

ಟಿಪ್ಪಣಿ ಅಚ್ಚಾದ ಮೇಲೆ ಕೆಲವರು ಫೋನ್ ಮಾಡಿ ಎಂಥ ದೊಡ್ಡ ಮನಸ್ಸು ಅಂದರು. ಅವರಲ್ಲಿ ಅರ್ಧ ಜನ ಫೋನ್ ಇಟ್ಟ ಮೇಲೆ ನಕ್ಕಿರುತ್ತಾರೆ ಎಂದು ಮೇಡಂಗೆ ಗೊತ್ತಿತ್ತು. ದೊಡ್ಡ ಮೇಷ್ಟ್ರ ಶಿಷ್ಯನೊಬ್ಬ ಹಾಗಾದರೆ ಧೂಪವೇ ಸರಿ ಎಂದು ಲೇಖನ ಬರೆದ. ಮೇಡಂ ಓದಿ, ಧೂಪವೂ ಅಲ್ಲ, ಹೂಜಿ ಬರಿದಾಗಿತ್ತು, ಬರಿದಾದದ್ದರಲ್ಲಿ ಏನಿತ್ತು ಎಂದು ನಿನಗೆ ಹೇಗೆ ಗೊತ್ತು ಎಂದು ಅವನಿಗೆ ಒಂದೇ ಸಾಲಿನ ಉತ್ತರ ಕಳಿಸಿದರು.

ಮ್ಯೂಸಿಯಂನವರು ಹೂಜಿಯನ್ನು ಬಿಚ್ಚಿ, ರಾಳ ತೆಗೆದು, ಸರಿಯಾದ ಅಂಟಿನಿಂದ ಮತ್ತೆ ಕೂಡಿಸಬೇಕು ಎಂದು ತೀರ್ಮಾನ ಮಾಡಿದರು. ಹಳೆಯ ರಾಳದ ಕೂಡಿಕೆ ಬಿಚ್ಚಲು ಬರುವವನು ಇನ್ನು ಯಾರಿದ್ದಾನೆ? ಅಂಟಣ್ಣನಿಗೆ ಕರೆ ಬಂತು. ಆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೊರಟರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮೇಡಂ ಮೆಟ್ಟಿಲಿಳಿದು ನಿಂತು ಕೇಳಿದರು.

"ಗ್ಯಾಸ್ ಆರಿಸಿದ್ರಾ?"

"ಆರಿಸಿದ್ದೀನಿ."

ಮೇಡಂ ಒಂದು ಗಳಿಗೆ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಗ್ಯಾಸಿನ ತಿರುಪು ಮುಟ್ಟಿ ನೋಡಿದರು. ಆರಿತ್ತು. ಹೊರಗೆ ಬಂದಾಗ ಅಂಟಣ್ಣನ ಕಿವಿ ಕೆಂಪಗಾಗಿತ್ತು. ಮೇಡಂ ಕ್ಷಮೆ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು, ಇನ್ನು ಮುಂದೆ ಹೀಗೇ.

"ಹಿತ್ತಲ ಬಾಗಿಲು?" ಎಂದು ಕೇಳಿದರು.

"ಹಾಕಿದ್ದೀನಿ ಕಣೇ, ಎಷ್ಟು ಸಲ..." ಎಂದು ಶುರು ಮಾಡಿದವನು ಅರ್ಧಕ್ಕೆ ನಿಂತ. ಹುಬ್ಬು ಗಂಟಿಕ್ಕಿತು. "ತಡಿ. ಹಾಕಿದ್ನಾ?"

ಗೊಣಗಿಕೊಂಡು ತಾನೇ ಒಳಗೆ ಹೋದ. ಮೇಡಂ ಬಿಸಿಲಿಗೆ ಕೈ ಅಡ್ಡ ಹಿಡಿದು ಮೆಟ್ಟಿಲ ಕೆಳಗೆ ನಿಂತರು. ಸ್ವಲ್ಪ ಹೊತ್ತಿಗೆ ಮನೆಯ ಆ ತುದಿಯಿಂದ ಚಿಲಕ ಬೀಳುವ ಸದ್ದು ಕೇಳಿಸಿತು.